ಪ್ರಯಾಣದ ಹಿಂದಿನ ದಿನ: ಬಾಟಲಿ ಟೊಮ್ಯಾಟೊ, ಕಸೂತಿ ಮತ್ತು ನಾನು ಬರೆದ ಒಂದು ತಪ್ಪು ಟಿಪ್ಪಣಿ

ಕಳೆದ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ನಾನು ಒಂದು ತಿಂಗಳು ಪುಣೆಗೆ ಹೋಗಬೇಕಾಗಿತ್ತು. ಬೆಳಗಿನ ರೈಲು. ಹೊರಡುವ ಹಿಂದಿನ ದಿನ ನಮ್ಮ ಧಾರವಾಡದ ಮನೆಯಲ್ಲಿ ಎರಡು ಕೆಲಸಗಳು ಬಾಕಿ ಉಳಿದಿದ್ದವು. ತಮ್ಮ ಹೊಲದಿಂದ ಹನ್ನೆರಡು ಕಿಲೊ ಟೊಮ್ಯಾಟೊ ಕಳಿಸಿದ್ದ. ಪೇಟೆಯಲ್ಲಿ ದರ ಬಿದ್ದಿತ್ತು, ಮನೆಯಲ್ಲಿಟ್ಟರೆ ಕೊಳೆಯುತ್ತಿತ್ತು. ಅದನ್ನು ಬಾಟಲಿಗೆ ಹಾಕಿ ಮುಗಿಸಬೇಕಿತ್ತು. ಇನ್ನೊಂದು, ಮೊಮ್ಮಗುವಿಗಾಗಿ ಅವ್ವ ಹಾಕುತ್ತಿದ್ದ ಕುಂಚಿಗೆಯ ಕಸೂತಿ. ಅವ್ವನ ಕಣ್ಣಿಗೆ ಈಗ ಸಂಜೆಯ ಬೆಳಕು ಸಾಲುವುದಿಲ್ಲವಾದ್ದರಿಂದ ಕೊನೆಯ ತೊಟ್ಟಿಲ ಚಿತ್ತಾರ ನನ್ನ ಪಾಲಿಗೆ ಬಂದಿತ್ತು.

ಅಡುಗೆಮನೆಯ ಸಂಗತಿಯನ್ನು ಅಭ್ಯಾಸ ಬೋಧನೆಯ ಪತ್ರಿಕೆಗೆ ಏಕೆ ಬರೆಯುತ್ತಿದ್ದೇನೆ ಎಂದು ಓದುಗರಿಗೆ ಅನ್ನಿಸಬಹುದು. ಆ ದಿನ ಮನೆಗೆ ಬಂದಿದ್ದ ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದ ಒಂದು ಪ್ರಶ್ನೆಯಿಂದ, ಅವಳ ವೀಕ್ಷಣಾ ಪುಸ್ತಕದಲ್ಲಿ ವಾರದ ಹಿಂದೆ ನಾನೇ ಬರೆದಿದ್ದ ಟಿಪ್ಪಣಿ ತಪ್ಪೆಂದು ತಿಳಿಯಿತು. ಆ ತಪ್ಪು ಹೇಗೆ ಆಯಿತು, ಹೇಗೆ ಗೊತ್ತಾಯಿತು, ಅದರಿಂದ ತರಗತಿಗೆ ಏನು ಕೊಂಡೊಯ್ಯಬಹುದು ಎಂಬುದನ್ನು ಕ್ರಮವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಹಿಂದಿನ ವಾರದ ಪಾಠ

ಈ ಪ್ರಶಿಕ್ಷಣಾರ್ಥಿ ವಿಜ್ಞಾನ ಮತ್ತು ಗಣಿತ ಬೋಧನಾ ವಿಷಯದವಳು. ಅಭ್ಯಾಸ ಬೋಧನೆಯಲ್ಲಿ ಎಂಟನೆಯ ತರಗತಿಗೆ ಉಷ್ಣತೆಯ ಮೇಲೆ ಒಂದು ಪಾಠ ಮಾಡಿದಳು. ಬೀಕರಿನಲ್ಲಿ ನೀರು ಕುದಿಸಿ, ಉಷ್ಣತಾಮಾಪಕ ಇಳಿಬಿಟ್ಟು, ಮಕ್ಕಳಿಂದಲೇ ಓದಿಸಿದಳು. ನಿರೀಕ್ಷಿತ ಉತ್ತರ 100 ಡಿಗ್ರಿ ಸೆಲ್ಸಿಯಸ್. ಮುಂದಿನ ಸಾಲಿನ ಒಬ್ಬ ಹುಡುಗ ಬಗ್ಗಿ ನೋಡಿ, "97ರ ಮ್ಯಾಲ ಒಂದ್ ಸ್ವಲ್ಪ ಐತ್ರಿ ಟೀಚರ್" ಎಂದ. ಇನ್ನೊಮ್ಮೆ ನೋಡು ಎಂದಳು. ಮತ್ತೆ ಅದನ್ನೇ ಹೇಳಿದ. ತರಗತಿ ನಕ್ಕಿತು. "ಈ ಮಾಪಕ ಸರಿ ಇಲ್ಲ, 100 ಎಂದು ಬರೆದುಕೊಳ್ಳಿ" ಎಂದು ಅವಳು ಮುಂದುವರಿದಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ವೀಕ್ಷಣಾ ಪುಸ್ತಕದಲ್ಲಿ ಹೀಗೆ ಬರೆದೆ: "ಪಾಠ ಚೆನ್ನಾಗಿದೆ. ಉಪಕರಣ ದೋಷಯುಕ್ತ. ಪ್ರಯೋಗವನ್ನು ಮುಂಚಿತವಾಗಿ ಪರೀಕ್ಷಿಸಿಕೊಳ್ಳಬೇಕು. ಮಾಪಕ ಬದಲಾಯಿಸಿ." ಅದರ ಕೆಳಗೆ ನನ್ನ ಸಹಿ.

ಪ್ರಯಾಣದ ಹಿಂದಿನ ದಿನ ಅವಳು ಬಂದದ್ದು ಎರಡು ಕೆಲಸಕ್ಕೆ. ನಾನು ಊರಲ್ಲಿ ಇರುವುದಿಲ್ಲವಾದ್ದರಿಂದ ಮುಂದಿನ ಪಾಠಯೋಜನೆಗಳಿಗೆ ಸಹಿ ಹಾಕಿಸಿಕೊಳ್ಳಬೇಕಿತ್ತು. ಕಾಲೇಜಿನ ಪ್ರಯೋಗಾಲಯದಿಂದ ತಂದಿದ್ದ ಆ "ದೋಷಯುಕ್ತ" ಮಾಪಕವನ್ನು ನನ್ನ ಮೂಲಕ ಹಿಂತಿರುಗಿಸಬೇಕಿತ್ತು. ಮಾಪಕ ಅವಳ ಚೀಲದಲ್ಲೇ ಇತ್ತು.

ಕೊನೆಯಿಂದ ಹಿಂದಕ್ಕೆ ಯೋಜಿಸುವುದು

ಅವಳು ಬಂದಾಗ ಹತ್ತೂವರೆ. ನನ್ನ ಕೈ ಟೊಮ್ಯಾಟೊ ರಸದಲ್ಲಿತ್ತು. ಸಹಿಗೆ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ ಎಂದೆ. "ನಾನೂ ಕೈ ಹಚ್ತೀನ್ರಿ ಮೇಡಂ" ಎಂದು ಚೀಲ ಇಟ್ಟು ಬಂದಳು. ಗೋಡೆಗೆ ಅಂಟಿಸಿದ್ದ ನನ್ನ ವೇಳೆಯ ಪಟ್ಟಿಯನ್ನು ನೋಡಿ, ಅದು ಕೆಳಗಿನಿಂದ ಮೇಲಕ್ಕೆ ಏಕಿದೆ ಎಂದು ಕೇಳಿದಳು.

ಅದಕ್ಕೆ ಕಾರಣವಿದೆ. ಕುದಿಸಿ ತೆಗೆದ ಬಾಟಲಿಗಳನ್ನು ಕನಿಷ್ಠ ಹನ್ನೆರಡು ತಾಸು ಅಲುಗಿಸದೆ ಆರಲು ಬಿಡಬೇಕು. ಆರಿದ ಮೇಲೆಯೇ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಲು ಸಾಧ್ಯ. ಬೆಳಗಿನ ಐದಕ್ಕೆ ನಾನು ಅದನ್ನು ನೋಡಿ ಹೊರಡಬೇಕು ಎಂದರೆ, ಕೊನೆಯ ಬಾಟಲಿ ಸಂಜೆ ಐದಕ್ಕೆ ನೀರಿನಿಂದ ಹೊರಗೆ ಬಂದಿರಬೇಕು. ನನ್ನ ದೊಡ್ಡ ಪಾತ್ರೆಯಲ್ಲಿ ಒಮ್ಮೆಗೆ ಅರ್ಧ ಲೀಟರಿನ ಆರು ಬಾಟಲಿ ಹಿಡಿಯುತ್ತವೆ. ಹದಿನಾರು ಬಾಟಲಿಗೆ ಮೂರು ಸರದಿ. ಇಳಿಸಿ, ನೀರು ಮತ್ತೆ ಕುದಿ ಹಿಡಿದು, ನಿಗದಿತ ಹೊತ್ತು ಕುದಿದು, ಎತ್ತುವಷ್ಟರಲ್ಲಿ ಒಂದು ಸರದಿಗೆ ಸುಮಾರು ಎಪ್ಪತ್ತು ನಿಮಿಷ. ಅಂದರೆ ಮೊದಲ ಸರದಿ ಒಂದೂವರೆಗೆ ಒಲೆ ಏರಬೇಕು. ಸಿಪ್ಪೆ ತೆಗೆಯಲು, ಹೆಚ್ಚಲು, ಬಿಸಿ ಮಾಡಲು ಮೂರೂವರೆ ತಾಸು. ಹಾಗಾಗಿ ಹತ್ತಕ್ಕೆ ಶುರು.

ಬೋಧನಾ ಶಾಸ್ತ್ರದಲ್ಲಿ ನಾವು ಓದುವ ಹಿಮ್ಮುಖ ಯೋಜನೆ ಇದೇ. ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟಿಗ್ ಅವರ 1998ರ ಪುಸ್ತಕದ ನಂತರ ಆ ಹೆಸರು ಪ್ರಸಿದ್ಧವಾಯಿತು. ಪಾಠದ ಕೊನೆಯಲ್ಲಿ ಮಗು ಏನು ಮಾಡಿ ತೋರಿಸಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಅದಕ್ಕೆ ಯಾವ ಸಾಕ್ಷ್ಯ ಬೇಕು ಎಂದು ಯೋಚಿಸಿ, ಆಮೇಲೆ ಚಟುವಟಿಕೆಗೆ ಬರುವುದು. ನಮ್ಮ ಪ್ರಶಿಕ್ಷಣಾರ್ಥಿಗಳ ಹೆಚ್ಚಿನ ಪಾಠಯೋಜನೆಗಳು ಪೀಠಿಕೆಯಿಂದ ಶುರುವಾಗಿ, ಗಂಟೆ ಬಾರಿಸುವಾಗ ಮೌಲ್ಯಮಾಪನಕ್ಕೆ ಜಾಗವಿಲ್ಲದೆ ಮುಗಿಯುತ್ತವೆ. ಅವರು ಬಾಟಲಿ ಆರುವ ಹನ್ನೆರಡು ತಾಸನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಟೊಮ್ಯಾಟೊ ಬಾಟಲಿಯ ವಿಧಾನ

ವಿಧಾನವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಪ್ರಶ್ನೆ ಹುಟ್ಟಿದ್ದು ಇದರೊಳಗಿಂದ.

ಟೊಮ್ಯಾಟೊವನ್ನು ಕುದಿಯುವ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ಅದ್ದಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಹೆಚ್ಚಿ, ನೀರು ಸೇರಿಸದೆ ಹಿಸುಕುತ್ತಾ ಕುದಿಸಬೇಕು. ತೊಳೆದು ಬಿಸಿಯಾಗಿಟ್ಟ ಬಾಟಲಿಗೆ ಬಿಸಿಯಾಗಿಯೇ ತುಂಬಬೇಕು. ಅರ್ಧ ಲೀಟರಿನ ಪ್ರತಿ ಬಾಟಲಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ. ಮೇಲೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ಒಳಗಿನ ಗಾಳಿಗುಳ್ಳೆಗಳನ್ನು ಬಿಡಿಸಿ, ಬಾಯಿಯ ಅಂಚನ್ನು ಒರೆಸಿ, ರಬ್ಬರ್ ಪದರವಿರುವ ಹೊಸ ಮುಚ್ಚಳ ಹಾಕಬೇಕು. ನಂತರ ಮುಚ್ಚಳದ ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಮುಳುಗಿಸಿ ಕುದಿಸಬೇಕು. ನೀರು ಕುದಿ ಹಿಡಿದ ಮೇಲಷ್ಟೇ ವೇಳೆ ಎಣಿಸಬೇಕು.

ಆಮ್ಲ ಹಾಕುವುದು ರುಚಿಗಲ್ಲ. ಗಾಳಿಯಿಲ್ಲದ ಕಡೆ ಬೆಳೆದು ಪ್ರಾಣಾಪಾಯಕರ ವಿಷ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕಿ ಉಳಿಯುತ್ತವೆ. ಆದರೆ ಪಿಎಚ್ 4.6 ಮತ್ತು ಅದಕ್ಕಿಂತ ಹೆಚ್ಚು ಹುಳಿಯಾದ ಆಹಾರದಲ್ಲಿ ಅವು ಮೊಳೆಯಲಾರವು. ಟೊಮ್ಯಾಟೊ ಈ ಗಡಿಯ ಮೇಲೆಯೇ ಇರುವ ಹಣ್ಣು. ಒಂದು ತಳಿ ಗಡಿಯ ಆಚೆ, ಒಂದು ಈಚೆ. ಅದಕ್ಕೇ ಆಮ್ಲ ಸೇರಿಸುವುದು. ಅವರೆ, ಬೀನ್ಸ್, ಗಜ್ಜರಿಯಂಥ ಹುಳಿಯಿಲ್ಲದ ತರಕಾರಿಗಳನ್ನು ಹೀಗೆ ಬರಿಯ ಕುದಿ ನೀರಿನಲ್ಲಿ ಬಾಟಲಿ ಮಾಡಲೇಬಾರದು. ಅವಕ್ಕೆ ಒತ್ತಡದ ಪಾತ್ರೆ ಮತ್ತು 116ರಿಂದ 121 ಡಿಗ್ರಿಯ ಶಾಖ ಬೇಕು.

ಈ ವಿದ್ಯೆಗೆ ಇನ್ನೂರು ವರ್ಷ ದಾಟಿದೆ. ಫ್ರಾನ್ಸಿನ ನಿಕೊಲಾ ಅಪೇರ್ ಗಾಜಿನ ಬಾಟಲಿಯಲ್ಲಿ ಆಹಾರ ತುಂಬಿ, ಮುಚ್ಚಿ, ಕುದಿಸಿ ಕೆಡದಂತೆ ಇಡುವ ಕ್ರಮವನ್ನು 1810ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅದು ಏಕೆ ಕೆಡುವುದಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳ ಪಾತ್ರವನ್ನು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಸುಮಾರು ಐವತ್ತು ವರ್ಷಗಳ ನಂತರ. ಕಾರಣ ಗೊತ್ತಿಲ್ಲದೆಯೂ ವಿಧಾನ ಕೆಲಸ ಮಾಡಬಲ್ಲದು. ಈ ಮಾತು ನನಗೂ ಅನ್ವಯಿಸುತ್ತದೆ ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಯಿತು.

ಐದು ನಿಮಿಷದ ಪ್ರಶ್ನೆ

ಮೊದಲ ಸರದಿ ಕುದಿ ಹಿಡಿದಾಗ, ಗೃಹವಿಜ್ಞಾನ ಕಲಿಯುತ್ತಿದ್ದ ಕಾಲದ ನನ್ನ ಹಳೆಯ ನೋಟ್‌ಬುಕ್ ತೆಗೆದು ಎಷ್ಟು ನಿಮಿಷ ಎಂದು ಓದಲು ಅವಳಿಗೆ ಹೇಳಿದೆ. ಅವಳು ಓದಿದಳು: "ಅರ್ಧ ಲೀಟರ್: 1,000 ಅಡಿ ಎತ್ತರದವರೆಗೆ 35 ನಿಮಿಷ, 1,001ರಿಂದ 3,000 ಅಡಿಯವರೆಗೆ 40 ನಿಮಿಷ." ನಲವತ್ತು ಇಡು ಎಂದೆ.

"ಮೇಡಂ, ಊರಿನ ಎತ್ತರಕ್ಕೂ ಟೊಮ್ಯಾಟೊಕ್ಕೂ ಏನ್ ಸಂಬಂಧರಿ?"

ಧಾರವಾಡ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ನೀರು ಬೇಗ, ಅಂದರೆ ಕಡಿಮೆ ಉಷ್ಣತೆಯಲ್ಲೇ ಕುದಿಯುತ್ತದೆ, ಶಾಖ ಕಡಿಮೆಯಾದ್ದರಿಂದ ಹೆಚ್ಚು ಹೊತ್ತು ಕುದಿಸಬೇಕು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು. ಅವಳೂ ಸುಮ್ಮನಾದಳು. ಇಬ್ಬರೂ ಅವಳ ಚೀಲದ ಕಡೆ ನೋಡಿದೆವು.

ಮಾಪಕ ತೆಗೆದೆವು. ಮೊದಲು ಮಾಪಕವೇ ಸರಿಯಿದೆಯೇ ಎಂದು ನೋಡಬೇಕಿತ್ತು. ಫ್ರಿಜ್ಜಿನ ಬರ್ಫವನ್ನು ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಕರಗುತ್ತಿರುವ ಬರ್ಫದ ನಡುವೆ ಅದನ್ನು ಇಟ್ಟೆವು. ಎರಡು ಮೂರು ನಿಮಿಷದಲ್ಲಿ ಸೊನ್ನೆಗೆ ಬಂದು ನಿಂತಿತು. ಮಾಪಕದಲ್ಲಿ ದೋಷ ಕಾಣಲಿಲ್ಲ. ಸಾಮಾನ್ಯ ಉಷ್ಣತೆಗೆ ಬಂದ ಮೇಲೆ ಬೇರೆ ಪಾತ್ರೆಯಲ್ಲಿ ಬರಿಯ ನೀರು ಕುದಿಸಿ, ತಳಕ್ಕೆ ತಾಗದಂತೆ ಇಳಿಬಿಟ್ಟೆವು. ಏರುತ್ತಾ ಹೋಗಿ 97 ಮತ್ತು 98ರ ನಡುವೆ ನಿಂತಿತು. ಉರಿ ಹೆಚ್ಚಿಸಿದೆವು. ಗುಳ್ಳೆ ಹೆಚ್ಚಾಯಿತು, ಗೆರೆ ಏರಲಿಲ್ಲ.

ಲೆಕ್ಕವೂ ಅದೇ ಹೇಳುತ್ತದೆ. ನಮ್ಮ ರಾಜ್ಯದ ಎತ್ತರಗಳಲ್ಲಿ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ ಎಂದು ಸ್ಥೂಲವಾಗಿ ಹಿಡಿಯಬಹುದು. 2,400 ಅಡಿ ಎಂದರೆ ಸುಮಾರು 730 ಮೀಟರ್. ಇಳಿಕೆ ಎರಡೂವರೆ ಡಿಗ್ರಿಗೆ ಹತ್ತಿರ. 100ರಲ್ಲಿ ಅಷ್ಟು ಕಳೆದರೆ 97ರ ಮೇಲೆ ಸ್ವಲ್ಪ. ಆ ಹುಡುಗ ಹೇಳಿದ್ದು ಅಕ್ಷರಶಃ ಇದನ್ನೇ. ಕಾರವಾರದಲ್ಲೋ ಮಂಗಳೂರಿನಲ್ಲೋ ಅದೇ ಮಾಪಕ 100ರ ಬಳಿ ನಿಲ್ಲುತ್ತಿತ್ತು. ಬೆಂಗಳೂರಿನಲ್ಲಿ 97ರ ಆಸುಪಾಸು, ಮಡಿಕೇರಿಯಲ್ಲಿ ಇನ್ನೂ ಕೆಳಗೆ.

ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಸಂಬಂಧ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ಅಷ್ಟೇ ಅಲ್ಲ, ಇಪ್ಪತ್ತು ವರ್ಷಗಳಿಂದ ನನ್ನ ಅಡುಗೆಮನೆಯಲ್ಲಿ ಅದೇ ಕಾರಣಕ್ಕೆ ಐದು ನಿಮಿಷ ಹೆಚ್ಚು ಕುದಿಸುತ್ತಾ ಬಂದಿದ್ದೇನೆ. ಆದರೂ ತರಗತಿಯಲ್ಲಿ ಒಂದು ಮಗು ಕಣ್ಣಾರೆ ಕಂಡದ್ದನ್ನು ಹೇಳಿದಾಗ ನಾನು ನಂಬಿದ್ದು ಪುಸ್ತಕದ ಸಂಖ್ಯೆಯನ್ನು. ಸಂಶಯಿಸಿದ್ದು ಉಪಕರಣವನ್ನು ಮತ್ತು ಮಗುವಿನ ಕಣ್ಣನ್ನು. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ತ್ವ. ಪ್ರತಿವರ್ಷ ಅದನ್ನು ಕರಿಹಲಗೆಯ ಮೇಲೆ ಬರೆಯುವವಳು ನಾನೇ.

ಕಸೂತಿಯ ಹೊತ್ತು

ಪ್ರತಿ ಸರದಿಯಲ್ಲಿ ನಲವತ್ತು ನಿಮಿಷ ಒಲೆಯ ಬಳಿ ಕಣ್ಣಿಟ್ಟರೆ ಸಾಕು, ಕೈಗೆ ಕೆಲಸವಿಲ್ಲ. ಆ ಹೊತ್ತನ್ನು ಕಸೂತಿಗೆ ಇಟ್ಟುಕೊಂಡಿದ್ದೆ. ನಡುಮನೆಯಲ್ಲಿ ಅವ್ವನ ಪಕ್ಕ ಕೂತು ತೊಟ್ಟಿಲ ಚಿತ್ತಾರ ಹಿಡಿದೆ. ಪ್ರಶಿಕ್ಷಣಾರ್ಥಿಗೆ ಅವ್ವ ಒಂದು ತುಂಡು ಬಟ್ಟೆ, ಸೂಜಿ ಕೊಟ್ಟಳು.

ಧಾರವಾಡ ಸೀಮೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಹೊಲಿಗೆಗಳು ಮುಖ್ಯವಾಗಿ ನಾಲ್ಕು: ಗವಂತಿ, ಮುರಗಿ, ನೇಗಿ, ಮೆಂತಿ. ಗೋಪುರ, ತೇರು, ಆನೆ, ತುಳಸಿಕಟ್ಟೆ, ತೊಟ್ಟಿಲು ಇವೆಲ್ಲ ಪರಂಪರೆಯ ಚಿತ್ತಾರಗಳು. ಇಳಕಲ್ ಸೀರೆಯ ಮೇಲೆ, ಕುಪ್ಪಸದ ಮೇಲೆ, ಕೂಸಿನ ಕುಂಚಿಗೆ ಕುಲಾಯಿಯ ಮೇಲೆ ಹಾಕುತ್ತಾರೆ. ಗವಂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಬಟ್ಟೆಯ ಎರಡೂ ಬದಿಗೆ ಚಿತ್ತಾರ ಒಂದೇ ಥರ ಕಾಣಬೇಕು.

ಇದು ಆಗುವುದು ಹೀಗೆ. ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಹಾಕುತ್ತಾ ಸಾಗುತ್ತದೆ. ಹೋಗುವಾಗ ಮೇಲ್ಬದಿಯಲ್ಲಿ ಒಂದು ಬಿಟ್ಟು ಒಂದು ಗೆರೆ ಮಾತ್ರ ಕಾಣುತ್ತದೆ. ಕೊನೆ ಮುಟ್ಟಿ ಅದೇ ದಾರಿಯಲ್ಲಿ ಹಿಂದಿರುಗುವಾಗ ಖಾಲಿ ಉಳಿದ ಜಾಗಗಳು ತುಂಬುತ್ತವೆ. ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹಾಯುತ್ತದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ.

ನಮ್ಮ ಹುಡುಗಿ ನೇರ ಗೆರೆಯನ್ನು ಚೆನ್ನಾಗಿ ಹಾಕಿದಳು. ಕವಲು ಬಂದಲ್ಲಿ ಸಿಕ್ಕಿಕೊಂಡಳು. ಎರಡು ಸಲ ಬಿಚ್ಚಿದಳು. ಅವ್ವ ನೋಡಿ, "ಟೊಂಗಿ ಬಂದಲ್ಲಿ ಟೊಂಗಿಗೆ ಹೋಗಿ ಬಾ ತಂಗಿ. ಬಂದ ಮ್ಯಾಲ ದಾರಿ ಹಿಡಿ" ಎಂದಳು. ಹಾಗೆ ಮಾಡಿದಾಗ ಎಲ್ಲವೂ ಸರಿ ಹೋಯಿತು. ಏಕೆ ಸರಿ ಹೋಯಿತು ಎಂದು ಅವಳು ನೋಟ್‌ಬುಕ್ಕಿನ ಹಿಂದೆ ಬರೆದು ನೋಡಿದಳು. ಕವಲಿಗೆ ಮೂರು ಹೊಲಿಗೆ ಹೋದರೆ ಬರುವಾಗಲೂ ಮೂರು. ಐದು ಹೋದರೆ ಐದು. ಒಟ್ಟು ಯಾವಾಗಲೂ ಸಮಸಂಖ್ಯೆ. ಆದ್ದರಿಂದ ಮುಖ್ಯ ದಾರಿಗೆ ಮರಳಿದಾಗ ಸೂಜಿ ಬಟ್ಟೆಯ ಯಾವ ಬದಿಯಲ್ಲಿರಬೇಕೋ ಅದೇ ಬದಿಯಲ್ಲಿ ಇರುತ್ತದೆ. ಚಿತ್ತಾರ ಎಲ್ಲೂ ಕಡಿಯದೆ ಒಂದಕ್ಕೊಂದು ಕೂಡಿಕೊಂಡಿದ್ದರೆ ಸಾಕು, ಅದನ್ನು ಒಂದೇ ದಾರದಲ್ಲಿ ಶುರು ಮಾಡಿದ ಜಾಗಕ್ಕೇ ಬಂದು ಮುಗಿಸಬಹುದು. ಕ್ಯೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಲು ಸಾಧ್ಯವಿಲ್ಲ ಎಂದು 1736ರಲ್ಲಿ ಆಯ್ಲರ್ ತೋರಿಸಿದ ಲೆಕ್ಕದ ಜಾತಿಯದೇ ಇದು. ಅಲ್ಲಿ ಬೆಸಸಂಖ್ಯೆಯ ದಾರಿಗಳು ಕೂಡುವ ಜಾಗಗಳಿಂದ ತೊಡಕಾಯಿತು. ಗವಂತಿಯಲ್ಲಿ ಪ್ರತಿ ದಾರಿಯೂ ಇಮ್ಮಡಿಯಾಗುವುದರಿಂದ ಬೆಸವೇ ಉಳಿಯುವುದಿಲ್ಲ.

ಎಂಟನೆಯ ತರಗತಿಗೆ ಇದನ್ನು ಚೌಕದ ಹಾಳೆಯ ಮೇಲೆ ಎರಡು ಬಣ್ಣದ ಪೆನ್ನಿನಿಂದ ಮಾಡಿಸಬಹುದು. ಮೇಲಿನ ಹೊಲಿಗೆಗೆ ಕೆಂಪು, ಕೆಳಗಿನದಕ್ಕೆ ನೀಲಿ, ಒಂದಾದ ಮೇಲೊಂದು. ಪ್ರತಿ ಗೆರೆಗೂ ಎರಡೂ ಬಣ್ಣ ಬಂದರೆ ಗೆದ್ದಂತೆ. ಮಕ್ಕಳಿಗೆ ಕೇಳಬಹುದಾದ ಒಂದು ಪ್ರಶ್ನೆ: ನಾಲ್ಕು ಹೊಲಿಗೆಯ ಚೌಕವನ್ನು ಸುತ್ತಿ ಬಂದು, ಅದೇ ದಿಕ್ಕಿನಲ್ಲಿ ಇನ್ನೊಮ್ಮೆ ಸುತ್ತಿದರೆ ಏನಾಗುತ್ತದೆ? ಕೆಂಪಿನ ಮೇಲೆ ಮತ್ತೆ ಕೆಂಪೇ ಬರುತ್ತದೆ. ಹಿಂದಿರುಗಿಯೇ ಬರಬೇಕು. ಮೂರು ಹೊಲಿಗೆಯ ತ್ರಿಕೋನದಲ್ಲಿ? ಅದೇ ದಿಕ್ಕಿನಲ್ಲಿ ಎರಡನೆಯ ಸುತ್ತು ಹಾಕಿದರೂ ಸರಿಹೋಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಮಕ್ಕಳೇ ಹುಡುಕಲಿ. ಸಮ, ಬೆಸ ಸಂಖ್ಯೆಗಳ ಬಗ್ಗೆ ಅವರಿಗೆ ಗೊತ್ತಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕೈಕಸುಬಿನ ಮೂಲಕ ಕಲಿಕೆ ಎಂಬ ಮಾತು ನಮಗೆ ಹೊಸದಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮಿನ ತಿರುಳೇ ಅದು. ಆದರೆ ನಮ್ಮ ಕಾಲೇಜುಗಳಲ್ಲಿ ಕಸೂತಿ ಎಂದರೆ ಕಾರ್ಯಾನುಭವದ ಫೈಲಿಗೆ ಅಂಟಿಸುವ ಒಂದು ಮಾದರಿ ತುಂಡು. ಅದರೊಳಗಿನ ಲೆಕ್ಕ ಗಣಿತ ಬೋಧನೆಯ ತರಗತಿಗೆ ಬರುವುದಿಲ್ಲ.

ಬಿಚ್ಚುವುದು

ಮೂರನೆಯ ಸರದಿ ಒಲೆಯ ಮೇಲಿದ್ದಾಗ, ಸುಮಾರು ನಾಲ್ಕೂಕಾಲಕ್ಕೆ, ಅವ್ವ ನನ್ನ ಕೈಯಿಂದ ಕುಂಚಿಗೆ ತೆಗೆದುಕೊಂಡು ಕಿಟಕಿಗೆ ಹಿಡಿದಳು. ತೊಟ್ಟಿಲ ಕಾಲಿನ ಬಳಿ ಬೆರಳಿಟ್ಟಳು. ನಾಲ್ಕು ಎಳೆಗೆ ಒಂದು ಹೊಲಿಗೆ ಹಾಕಬೇಕಾದಲ್ಲಿ ನಾನು ಒಂದು ಕಡೆ ಐದು ಎಳೆ ಹಿಡಿದಿದ್ದೆ. ಅಲ್ಲಿಂದ ಮುಂದೆ ಹದಿನಾಲ್ಕು ಹೊಲಿಗೆ ಆಗಿಹೋಗಿದ್ದವು.

"ಅವ್ವಾ, ಒಂದ ಎಳಿ. ಯಾರಿಗೂ ಕಾಣಂಗಿಲ್ಲ. ನಾಳೆ ಮುಂಜಾನೆ ಹೋಗಬೇಕು."

"ನೋಡವ್ರಿಗೆ ಕಾಣಂಗಿಲ್ಲ. ಮುಂದಿನ ಹೊಲಿಗೀಗೆ ಕಾಣ್ತೈತಿ. ತೊಟ್ಟಿಲ ಕೂಡಂಗಿಲ್ಲ. ಬಿಚ್ಚು."

ಬಿಚ್ಚಿದೆ. ಹದಿನಾಲ್ಕು ಹೊಲಿಗೆ ಬಿಚ್ಚಲು ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎದುರಿಗೆ ಕುಳಿತಿದ್ದ ಪ್ರಶಿಕ್ಷಣಾರ್ಥಿ ತನ್ನ ವೀಕ್ಷಣಾ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತಿನ ನಂತರ ಕೇಳಿದಳು: "ಮೇಡಂ, ಆ ಹುಡುಗಗ ನಾ ಏನ್ ಹೇಳ್ಲಿರಿ?" ಆಮೇಲೆ ಇನ್ನೊಂದು ಮಾತು ಹೇಳಿದಳು. ಆ ಪಾಠದ ನಂತರ ಎರಡು ಪಾಠ ಆಗಿವೆ, ಅವನು ಒಮ್ಮೆಯೂ ಕೈ ಎತ್ತಿಲ್ಲ. ಮುಂಚೆ ಪ್ರತಿ ಪ್ರಶ್ನೆಗೂ ಎತ್ತುತ್ತಿದ್ದ.

ಅವಳ ಆತಂಕ ನನಗೆ ಅರ್ಥವಾಯಿತು. ಮುಂದಿನದು ಅಂತಿಮ ಪಾಠ, ಅಂಕಗಳಿರುವುದು. ಅದರ ಮುಂಚಿನ ಅವಧಿಯಲ್ಲಿ ತರಗತಿಯ ಮುಂದೆ ನಿಂತು ನಾನು ತಪ್ಪು ಹೇಳಿದ್ದೆ ಎಂದು ಹೇಳಬೇಕು. ಮೇಲಾಗಿ ಅವಳ ಪುಸ್ತಕದಲ್ಲಿ ನನ್ನ ಸಹಿಯ ಮೇಲೆ ಮಾಪಕದ್ದೇ ತಪ್ಪು ಎಂದು ಬರೆದಿದೆ. ಅವಳು ಸರಿಪಡಿಸಿದರೆ ನನ್ನನ್ನೂ ಸರಿಪಡಿಸಿದಂತೆ. ಯಾವ ಪ್ರಶಿಕ್ಷಣಾರ್ಥಿಗೆ ಅದು ಸುಲಭ?

ಹಾಗಾಗಿ ಮೊದಲು ಬಿಚ್ಚಬೇಕಾದವಳು ನಾನು. ಕೈ ತೊಳೆದು ಬಂದು, ಹಳೆಯ ಟಿಪ್ಪಣಿ ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಕೆಳಗೆ ಬರೆದೆ: "ಮೇಲಿನ ಟಿಪ್ಪಣಿ ತಪ್ಪು. ಮಾಪಕವನ್ನು ಕರಗುವ ಬರ್ಫದಲ್ಲಿ ಪರೀಕ್ಷಿಸಲಾಗಿದೆ, ಸರಿಯಿದೆ. ಧಾರವಾಡದ ಎತ್ತರದಲ್ಲಿ ನೀರು 97ರಿಂದ 98 ಡಿಗ್ರಿಯಲ್ಲಿ ಕುದಿಯುತ್ತದೆ. ವಿದ್ಯಾರ್ಥಿಯ ಓದು ಸರಿ. ವೀಕ್ಷಕಿಯಾಗಿ ನಾನು ಇದನ್ನು ಗಮನಿಸಲಿಲ್ಲ." ದಿನಾಂಕ ಹಾಕಿ ಸಹಿ ಮಾಡಿದೆ. ಪಾಠಯೋಜನೆಗಳಿಗೂ ಸಹಿ ಮಾಡಿದೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ನಾಲ್ಕು ಬಾಟಲಿ ಹೊರಬಂದವು. ತಣ್ಣನೆ ಕಡಪಕಲ್ಲಿನ ಮೇಲೆ ನೇರವಾಗಿ ಇಟ್ಟರೆ ಒಡೆಯುತ್ತವೆಂದು ದಪ್ಪ ಟವೆಲ್ಲಿನ ಮೇಲೆ ಸಾಲಾಗಿ ಇಟ್ಟೆವು. ಮಿಕ್ಕಿದ ಟೊಮ್ಯಾಟೊ ರಾತ್ರಿಯ ಗೊಜ್ಜಾಯಿತು. ತೊಟ್ಟಿಲು ಮುಗಿದಾಗ ಹನ್ನೊಂದೂವರೆ.

ಬೆಳಗ್ಗೆ ಐದಕ್ಕೆ ಒಂದೊಂದೇ ಮುಚ್ಚಳದ ನಡುವೆ ಬೆರಳಿಂದ ಒತ್ತಿದೆ. ಒಳಗೆ ನಿರ್ವಾತವಾಗಿದ್ದರೆ ಮುಚ್ಚಳ ಕೆಳಕ್ಕೆ ಕುಗ್ಗಿ ಗಟ್ಟಿಯಾಗಿರುತ್ತದೆ. ಹದಿನೈದು ಗಟ್ಟಿಯಾಗಿದ್ದವು. ಒಂದು ಟಕ್ ಎಂದು ಒಳಗೆ ಹೋಗಿ ಮೇಲೆ ಬಂತು. ಅದನ್ನು ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನದಲ್ಲಿ ಸಾರಿಗೆ ಹಾಕಿ ಮುಗಿಸಲು ಅವ್ವನಿಗೆ ಹೇಳಿ ಹೊರಟೆ.

ತರಗತಿಯಲ್ಲಿ ಆದದ್ದು

ಪುಣೆಯಿಂದ ಬಂದ ಮೇಲೆ ಅವಳ ಚಿಂತನಶೀಲ ದಿನಚರಿ ಓದಿದೆ. ಅಂತಿಮ ಪಾಠದ ಹಿಂದಿನ ದಿನ ಅವಳು ಥರ್ಮಾಸ್‌ನಲ್ಲಿ ಬರ್ಫ ಹಾಕಿಕೊಂಡು ಶಾಲೆಗೆ ಹೋಗಿದ್ದಾಳೆ. "ಹೋದ ವಾರ ನಾನು ಮಾಪಕ ಕೆಟ್ಟಿದೆ ಎಂದಿದ್ದೆ. ಕೆಟ್ಟಿದೆಯೋ ಇಲ್ಲವೋ ಎಂದು ಹೇಗೆ ಗೊತ್ತು ಮಾಡಿಕೊಳ್ಳುವುದು?" ಎಂದು ತರಗತಿಯನ್ನೇ ಕೇಳಿದ್ದಾಳೆ. ಮಕ್ಕಳು ಬರ್ಫದಲ್ಲಿ ಇಟ್ಟು ಸೊನ್ನೆ ಓದಿದ್ದಾರೆ. ಮತ್ತೆ ಕುದಿಸಿ 97ರ ಮೇಲೆ ಓದಿದ್ದಾರೆ. ಎತ್ತರದ ವಿಷಯ ವಿವರಿಸಿ, ಹುಡುಗನ ಹೆಸರು ಹಿಡಿದು, "ನೀನು ಸರಿಯಾಗಿ ಓದಿದ್ದೆ, ತಪ್ಪು ನನ್ನದು" ಎಂದಿದ್ದಾಳೆ. ಅವನು ಏನೂ ಹೇಳಲಿಲ್ಲವಂತೆ. ಅವಧಿ ಮುಗಿಯುವ ಹೊತ್ತಿಗೆ ಕೈ ಎತ್ತಿ ಕೇಳಿದನಂತೆ: "ಹಂಗಾದ್ರ ಪುಸ್ತಕ ತಪ್ಪೇನ್ರಿ ಟೀಚರ್?"

ಪುಸ್ತಕ ತಪ್ಪಲ್ಲ, ಪುಸ್ತಕದ ಸಂಖ್ಯೆಗೆ ಒಂದು ಷರತ್ತಿದೆ, ಸಮುದ್ರಮಟ್ಟದ ವಾಯುಒತ್ತಡ, ನಾವು ಸಂಖ್ಯೆಯನ್ನು ಹೇಳಿ ಷರತ್ತನ್ನು ಬಿಟ್ಟಿದ್ದೆವು ಎಂದು ಅವಳು ಉತ್ತರಿಸಿದ್ದಾಳೆ. ಮನೆಯ ಕುಕ್ಕರಿನಲ್ಲಿ ಬೇಳೆ ಏಕೆ ಬೇಗ ಬೇಯುತ್ತದೆ ಎಂಬ ಪ್ರಶ್ನೆಯನ್ನು ಮನೆಗೆಲಸವಾಗಿ ಕೊಟ್ಟಿದ್ದಾಳೆ.

ಪ್ರಶಿಕ್ಷಣಾರ್ಥಿಗಳಿಗೂ ವೀಕ್ಷಕರಿಗೂ

ಈ ಅನುಭವದಿಂದ ನಾನು ನನ್ನ ಕೆಲಸದಲ್ಲಿ ಮಾಡಿಕೊಂಡಿರುವ ಬದಲಾವಣೆಗಳು ಇವು.

ಒಂದು, ಪ್ರಯೋಗದ ಪಾಠಕ್ಕೆ ಹೋಗುವ ಮುನ್ನ ಪ್ರಶಿಕ್ಷಣಾರ್ಥಿ ಅದನ್ನು ಅದೇ ಊರಿನಲ್ಲಿ, ಅದೇ ಉಪಕರಣದಿಂದ ಮಾಡಿ, ತನಗೆ ಬಂದ ಸಂಖ್ಯೆಯನ್ನು ಪಾಠಯೋಜನೆಯಲ್ಲಿ ಬರೆಯಬೇಕು. ಪುಸ್ತಕದ ಸಂಖ್ಯೆ ಪಕ್ಕದಲ್ಲಿರಲಿ. ಎರಡರ ನಡುವೆ ಅಂತರವಿದ್ದರೆ ಪಾಠ ಅಲ್ಲಿಂದಲೇ ಶುರುವಾಗಬಹುದು.

ಎರಡು, ಮಗುವಿನ ಓದು ನಿರೀಕ್ಷೆಗೆ ಹೊಂದದಿದ್ದಾಗ "ಇನ್ನೊಮ್ಮೆ ನೋಡು" ಎಂದು ಮಗುವಿಗೆ ಮಾತ್ರ ಹೇಳಬಾರದು. ಇನ್ನಿಬ್ಬರಿಂದ ಓದಿಸಿ, ಮೂವರ ಓದನ್ನೂ ಹಲಗೆಯ ಮೇಲೆ ಬರೆಯಬೇಕು. ಕಾರಣ ಆ ಕ್ಷಣಕ್ಕೆ ಗೊತ್ತಾಗದಿದ್ದರೆ, ನಾಳೆ ನೋಡೋಣ ಎಂದು ಸಂಖ್ಯೆಯನ್ನು ಹಾಗೆಯೇ ಉಳಿಸಬೇಕು. ಉಪಕರಣ ಕೆಟ್ಟಿದೆ ಎನ್ನುವ ಮೊದಲು ಪರೀಕ್ಷಿಸಬೇಕು. ಬರ್ಫದ ಪರೀಕ್ಷೆಗೆ ಐದು ನಿಮಿಷ ಸಾಕು.

ಮೂರು, ವೀಕ್ಷಣಾ ಪುಸ್ತಕದಲ್ಲಿ ವೀಕ್ಷಕರ ತಿದ್ದುಪಡಿಗೂ ಜಾಗ ಬೇಕು. ಈಗ ನಾನು ಬಲಗಡೆಯ ಪುಟದಲ್ಲಿ ಟಿಪ್ಪಣಿ ಬರೆದು ಎಡಗಡೆಯದನ್ನು ಖಾಲಿ ಬಿಡುತ್ತೇನೆ. ನನ್ನ ಟಿಪ್ಪಣಿಗೆ ಒಪ್ಪದಿದ್ದರೆ ಅಲ್ಲಿ ಬರೆಯಿರಿ ಎಂದು ಪ್ರಶಿಕ್ಷಣಾರ್ಥಿಗಳಿಗೆ ಹೇಳಿದ್ದೇನೆ. ಮೊದಲ ತಿಂಗಳು ಯಾರೂ ಬರೆಯಲಿಲ್ಲ. ಈಗ ಆಗೊಮ್ಮೆ ಈಗೊಮ್ಮೆ ಒಂದೆರಡು ಸಾಲು ಕಾಣುತ್ತವೆ.

ಕುಂಚಿಗೆಯನ್ನು ಮೊಮ್ಮಗು ನಾಲ್ಕು ತಿಂಗಳು ತೊಟ್ಟಿತು, ಈಗ ಚಿಕ್ಕದಾಗಿದೆ. ಬಾಟಲಿಗಳಲ್ಲಿ ಎರಡು ಉಳಿದಿವೆ. ಆ ಮಾಪಕವನ್ನು ನಾನು ಪ್ರಯೋಗಾಲಯಕ್ಕೆ ಹಿಂತಿರುಗಿಸಿದೆ, ಬದಲಾಯಿಸಲು ಹೇಳಲಿಲ್ಲ. ಅದರ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: "ಧಾರವಾಡದಲ್ಲಿ 97ರ ಮೇಲೆ ಸ್ವಲ್ಪ. ಸರಿಯಿದೆ."